ಯಾರ ಪಕ್ಕ ಯಾರು

ಗೋಡೆಯಾಚೆ ಒಂಬತ್ತನೇ ತರಗತಿ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಲೊಸಲೀನೆಯ ಕೈಯಲ್ಲಿದ್ದ ಚಾಕ್‌ಪೀಸು ಬೋರ್ಡಿನ ಮೇಲೆಯೇ ನಿಂತಿತು.

ಆ ತರಗತಿ ಸುಮ್ಮನಿರುವಂಥದ್ದಲ್ಲ. ಅದರಲ್ಲೂ ತನಿಯೆಲಾ ಮೇಷ್ಟ್ರ ಇಂಗ್ಲಿಷ್ ಪೀರಿಯಡ್ ಎಂದರೆ ಮಕ್ಕಳ ನಗು ಕಿಟಕಿ ದಾಟಿ ಇವಳ ಲೆಕ್ಕದ ಕ್ಲಾಸಿಗೂ ಬರುತ್ತಿತ್ತು. ಮೊದಮೊದಲು ಅದು ಕಿರಿಕಿರಿಯಾಗುತ್ತಿತ್ತು. ಈಚೆಗೆ ಅದಕ್ಕಾಗಿ ಕಾಯುವುದು ಅಭ್ಯಾಸವಾಗಿತ್ತು.

ಅವಳು ಜಗಲಿಗೆ ಬಂದು ಇಣುಕಿದಳು. ಬೆಂಚುಗಳೆಲ್ಲ ಹೊಸ ರೀತಿಯಲ್ಲಿದ್ದವು, ಒಬ್ಬ ಹುಡುಗನ ಪಕ್ಕ ಒಬ್ಬಳು ಹುಡುಗಿ. ಮುಂದೆ ಫಾತಾಯಿ ಮತ್ತು ಸೇಮಿಸಿ ಕೈಯಲ್ಲೊಂದು ಹಾಳೆ ಹಿಡಿದು ನಿಂತಿದ್ದರು.

“ಓದಿ, ನಾಚಿಕೆ ಯಾಕೆ?” ತನಿಯೆಲಾ ಹುರಿದುಂಬಿಸುತ್ತಿದ್ದ. “ಸೇಮಿಸಿ, ನೀನು ಗಂಡ. ಫಾತಾಯಿ, ನೀನು ಹೆಂಡತಿ. ಮಾರ್ಕೆಟ್ಟಲ್ಲಿ ಕೆಸುವಿನ ಗೆಡ್ಡೆ ರೇಟಿಗೆ ಜಗಳ ಆಡ್ತಿದ್ದೀರಿ. ಅಷ್ಟೇ!”

ಫಾತಾಯಿ ಹಾಳೆ ಬಿಸಾಕಿ, ಅಳುತ್ತಾ ಲೊಸಲೀನೆಯ ಪಕ್ಕದಿಂದಲೇ ಓಡಿಹೋದಳು. ಸೇಮಿಸಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಉಳಿದವರೆಲ್ಲ ನೆಲ ನೋಡುತ್ತಿದ್ದರು.

ತನಿಯೆಲಾ ಬಾಗಿಲಲ್ಲಿದ್ದ ಇವಳನ್ನು ನೋಡಿದ. ‘ನಾನೇನು ಮಾಡಿದೆ?’ ಎಂದು ಬರೀ ತುಟಿಯಲ್ಲಿ ಕೇಳಿದ.

ಆ ನೋಟ ಅವಳ ಜೊತೆಯೇ ಕ್ಲಾಸಿಗೆ ಬಂತು. ಬೋರ್ಡಿನ ಮೇಲಿದ್ದ ಸುಲಭದ ಕೂಡುವ ಲೆಕ್ಕವನ್ನು ಅವಳು ಎರಡು ಸಲ ತಪ್ಪು ಮಾಡಿದಳು.

ತನಿಯೆಲಾ ಆ ವರ್ಷವೇ ಆಕ್ಲೆಂಡ್ ನಗರದಿಂದ ಟೋಂಗಾದ ವವಾವು ದ್ವೀಪಕ್ಕೆ ಬಂದವನು. ಅಪ್ಪ ಅಮ್ಮ ಟೋಂಗಾದವರೇ ಆದರೂ ಹುಟ್ಟಿದ್ದು, ಓದಿದ್ದು ಆಕ್ಲೆಂಡಿನಲ್ಲೇ. ಇಲ್ಲಿನ ಮೇಷ್ಟ್ರುಗಳಂತೆ ಮರ್ಯಾದೆಯ ಉಡುಪಾಗಿ ಸೊಂಟಕ್ಕೆ ಹೆಣೆದ ಚಾಪೆ ಸುತ್ತಿಕೊಂಡೇ ಶಾಲೆಗೆ ಬರುತ್ತಿದ್ದ. ಆದರೆ ಮಧ್ಯಾಹ್ನದ ಹೊತ್ತಿಗೆ ಅದು ಜಾರಿ ಜಾರಿ ಒಂದು ಕಡೆ ವಾಲಿರುತ್ತಿತ್ತು. ಅದನ್ನು ಸರಿ ಮಾಡಿ ಕಟ್ಟಬೇಕೆಂದು ಲೊಸಲೀನೆಯ ಬೆರಳುಗಳು ಚಡಪಡಿಸುತ್ತಿದ್ದವು. ಅವಳು ಅವುಗಳಿಗೆ ಒಂದು ಪೆನ್ನು ಕೊಟ್ಟು ಸುಮ್ಮನಾಗಿಸುತ್ತಿದ್ದಳು.

ಅವನ ಲ್ಯಾಪ್‌ಟಾಪಿನಲ್ಲಿ ಎಐ ಇತ್ತು. ಅದು ಪಾಠದ ಪ್ಲಾನ್ ಬರೆಯುತ್ತಿತ್ತು, ಕ್ವಿಜ್ ಮಾಡಿಕೊಡುತ್ತಿತ್ತು, ಕಷ್ಟದ ಇಂಗ್ಲಿಷನ್ನು ಸುಲಭ ಮಾಡುತ್ತಿತ್ತು. ಲೊಸಲೀನೆಗೂ ಅವನೇ ಕಲಿಸಿದ್ದ. ಅವಳು ಲೆಕ್ಕ ಕೇಳಿದಾಗ ಯಂತ್ರ ಎರಡು ರೈಲುಗಳನ್ನು ಎದುರುಬದುರು ಓಡಿಸಿತ್ತು.

“ನಮ್ಮ ಮಕ್ಕಳು ರೈಲು ನೋಡಿಲ್ಲ,” ಎಂದಿದ್ದಳು.

“ಹಾಗಂತ ಹೇಳಿ ಅದಕ್ಕೆ. ದೋಣಿ ಹಾಕು ಅನ್ನಿ. ನಾಚ್ಕೋಬೇಡಿ, ಅದು ಬೈಯಲ್ಲ.”

ದೋಣಿ ಹಾಕಿತು, ಮೀನು ಹಾಕಿತು, ತೆಂಗಿನಕಾಯಿ ಹಾಕಿತು. ಇಬ್ಬರೂ ಒಂದೇ ಸ್ಕ್ರೀನಿಗೆ ಬಾಗಿ ನಕ್ಕಿದ್ದರು. ಅಂದಿನಿಂದ ಅವಳಿಗೆ ಯಾವುದರಲ್ಲೂ ನೆಟ್ಟಗೆ ಮನಸ್ಸು ನಿಲ್ಲುತ್ತಿರಲಿಲ್ಲ.

ಫಾತಾಯಿ ಅತ್ತು ಓಡಿದ ದಿನವೇ ಪ್ರಿನ್ಸಿಪಾಲ್ ಲಿಸಿಯಾತೆ ಲೊಸಲೀನೆಯನ್ನು ಕರೆದರು. “ಅವನಿಗೆ ನೀನೇ ಹೇಳಮ್ಮ. ನಾನು ಹೇಳಿದ್ರೆ ಬೈದ ಹಾಗಾಗುತ್ತೆ. ನಾಳೆ ಫಾತಾಯಿ ಅಪ್ಪ ಬರ್ತಾನೆ, ಅಷ್ಟರೊಳಗೆ ಹೇಳು.”

ತನಿಯೆಲಾ ದೀವಿಹಲಸಿನ ಮರದ ಕೆಳಗೆ ತಲೆ ಹಿಡಿದು ಕೂತಿದ್ದ. ಯಾರದ್ದೋ ಹಂದಿಮರಿಗಳು ಅವನ ಚಪ್ಪಲಿ ಮೂಸುತ್ತಿದ್ದವು.

“ಅವರಿಬ್ಬರೂ ಅಣ್ಣ ತಂಗಿ,” ಎಂದಳು ಲೊಸಲೀನೆ.

“ಸರ್‌ನೇಮ್ ಬೇರೆ ಬೇರೆ ಇದೆಯಲ್ರೀ!”

“ಅವಳಮ್ಮ, ಅವನಪ್ಪ ಒಡಹುಟ್ಟಿದವರು. ಇಲ್ಲಿ ಅತ್ತೆ ಮಕ್ಕಳು, ಮಾವನ ಮಕ್ಕಳು, ಅವರ ಮೊಮ್ಮಕ್ಕಳು ಎಲ್ಲಾ ಅಣ್ಣ ತಂಗಿನೇ. ಪಕ್ಕದಲ್ಲಿ ಕೂರಲ್ಲ, ತಮಾಷೆ ಮಾಡಲ್ಲ. ಅಣ್ಣ ಒಳಗೆ ಬಂದ್ರೆ ತಂಗಿ ಎದ್ದು ಹೋಗ್ತಾಳೆ. ಅಷ್ಟು ಮರ್ಯಾದೆ. ನೀವು ಅವರನ್ನ ಗಂಡ ಹೆಂಡತಿ ಮಾಡಿಬಿಟ್ರಿ.”

ಅವನು ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ಹೇಳಿದ: “ಅಕ್ಕ ಟಿವಿ ನೋಡ್ತಿದ್ರೆ ಅಮ್ಮ ನನ್ನ ಹೊರಗೆ ಕಳಿಸೋಳು. ಜಗಳ ಆಡ್ತೀವಿ ಅಂತ ಕಳಿಸ್ತಾಳೆ ಅಂದ್ಕೊಂಡಿದ್ದೆ.”

ಲೊಸಲೀನೆಗೆ ನಗು ಬಂತು. ತಡೆದುಕೊಂಡಳು.

“ಯಂತ್ರಕ್ಕೆ ಮಕ್ಕಳ ಹೆಸರು ಕೊಟ್ಟೆ, ಮಾರ್ಕ್ಸ್ ಕೊಟ್ಟೆ. ಜಾಣರ ಪಕ್ಕ ನಿಧಾನದವರನ್ನ ಕೂರಿಸು, ಹುಡುಗನ ಪಕ್ಕ ಹುಡುಗಿ ಅಂದೆ. ಎಷ್ಟು ನೀಟಾಗಿ ಮಾಡಿಕೊಡ್ತು ಗೊತ್ತಾ?”

“ನೀವು ಹೇಳದೆ ಇದ್ದದ್ದು ಅದಕ್ಕೆ ಹೇಗೆ ಗೊತ್ತಾಗ್ಬೇಕು?”

“ನನಗೆ ಯಾರು ಹೇಳ್ತಾರೆ?”

“ಕೇಳಿ ನೋಡಿ. ಈ ಊರಲ್ಲಿ ಸಂಬಂಧ ಹೇಳೋದು ಅಂದ್ರೆ ಎಲ್ಲರಿಗೂ ಊಟಕ್ಕಿಂತ ಇಷ್ಟ.”

ಈಗ ಅವನೇ ನಕ್ಕ. ನಗುತ್ತಲೇ ಅಂದ: “ಹಾಗಾದ್ರೆ ನನಗೂ ಇಲ್ಲಿ ತಂಗಿಯರು ಇರಬಹುದು. ನನ್ನಜ್ಜಿ ಕಲೋಲೈನೆ ಬೆಳೆದಿದ್ದು ಇಲ್ಲೇ. ಕೊಲ್ಲಿಯಾಚೆ, ಬಿಳಿ ಚರ್ಚ್ ಇದೆಯಲ್ಲ, ಆ ಊರಲ್ಲಿ.”

ಅದು ಲೊಸಲೀನೆಯ ಅಪ್ಪನ ಊರು.

“ನನಗೆ ಕ್ಲಾಸಿದೆ,” ಎಂದು ಅವಳು ಎದ್ದಳು. ಕ್ಲಾಸಿರಲಿಲ್ಲ.

ಸೋದರತ್ತೆ ಸೇಯಿನಿಯನ್ನು ಕೇಳಿದ್ದರೆ ಅಂದೇ ತಿಳಿಯುತ್ತಿತ್ತು. ಮನೆತನದ ಬೇರು ಚಿಗುರೆಲ್ಲ ಅವಳಿಗೆ ಗೊತ್ತು. ಮದುವೆಯ ವಿಷಯದಲ್ಲೂ ಅವಳ ಮಾತೇ ಕಡೆಯ ಮಾತು. ಆದರೆ ಅತ್ತೆ ‘ಅವನು ನಿನ್ನಣ್ಣ’ ಎಂದುಬಿಟ್ಟರೆ? ಆಮೇಲೆ ಕನಸಿನಲ್ಲೂ ಅವನ ಪಕ್ಕ ಕೂರುವಂತಿಲ್ಲ. ಕೇಳದಿದ್ದರೆ ಕೂರಬಹುದೇ? ಅದೂ ಸಲ್ಲದು.

ಬಟ್ಟೆ ಒಣಗಿಸಲು ಹೋಗಿ, ಬಕೆಟ್ಟು ಅಲ್ಲೇ ಬಿಟ್ಟು, ಫೋನು ತೆಗೆದು ಅವಳು ಯಂತ್ರವನ್ನೇ ಕೇಳಿದಳು. ಅಪ್ಪನ ಊರು ಇದು, ಅವನ ಅಜ್ಜಿ ಬೆಳೆದದ್ದೂ ಇದೇ ಊರು, ನಾವೇನಾಗಬೇಕು?

ಯಂತ್ರ ತಡಮಾಡಲಿಲ್ಲ. ಸಣ್ಣ ಊರುಗಳಲ್ಲಿ ಹೆಚ್ಚಿನವರು ನೆಂಟರೇ ಆಗಿರುತ್ತಾರೆ, ಆದ್ದರಿಂದ ಅವನನ್ನು ಅಣ್ಣನಂತೆ ಕಾಣುವುದೇ ಒಳ್ಳೆಯದು ಎಂದು ಬಹಳ ವಿನಯದಿಂದ ಬರೆಯಿತು. ಜೊತೆಗೆ ಒಂದು ನಗುಮುಖ.

ಆ ನಗುಮುಖದ ಮೇಲೆ ಅವಳಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಫೋನನ್ನು ಮಗುಚಿಟ್ಟು, ಬಕೆಟ್ಟಿನಲ್ಲಿದ್ದ ಬಟ್ಟೆಗಳನ್ನು ಇನ್ನೊಮ್ಮೆ ಹಿಂಡಿದಳು.

ಆಮೇಲೆ ತನಿಯೆಲಾ ಸ್ಟಾಫ್ ರೂಮಿಗೆ ಬಂದರೆ ಅವಳು ಏಳತೊಡಗಿದಳು. ಒಮ್ಮೆ ಚಹಾ ಅರ್ಧ ಕುಡಿದಿದ್ದಳು, ಎದ್ದಳು. ಒಮ್ಮೆ ಉತ್ತರಪತ್ರಿಕೆ ತಿದ್ದುತ್ತಿದ್ದಳು, ರಾಶಿಯನ್ನು ಎದೆಗವಚಿಕೊಂಡು ಎದ್ದಳು.

ಪಕ್ಕದ ಮೇಜಿನ ವೀಕಾ ಬಿಡುತ್ತಾಳೆಯೇ? “ಏನೇ ಇದು? ಮೊನ್ನೆವರೆಗೂ ಅವನು ಬರೋ ಮುಂಚೆ ತಲೆ ಬಾಚ್ಕೊಂಡು ಕೂತಿರ್ತಿದ್ದೆ. ಈಗ ಕುರ್ಚಿಗೆ ಇರುವೆ ಹತ್ತಿದ್ಯಾ?”

“ಸುಮ್ನಿರು ವೀಕಾ.”

“ನಾನು ಸುಮ್ನೇ ಇದ್ದೀನಿ. ನೀನೇ ನೆಟ್ಟಗೆ ಕೂರ್ತಿಲ್ಲ.”

ಮೊದಲೆರಡು ಸಲ ತನಿಯೆಲಾ ಗಮನಿಸಲಿಲ್ಲ. ಮೂರನೆಯ ಸಲ ಬಾಗಿಲಲ್ಲೇ ನಿಂತ. ಏಳುತ್ತಿದ್ದ ಅವಳನ್ನು, ಅವಳ ಖಾಲಿ ಕುರ್ಚಿಯನ್ನು, ಮತ್ತೆ ಅವಳನ್ನು ನೋಡಿದ. ಅಣ್ಣ ಒಳಗೆ ಬಂದರೆ ತಂಗಿ ಎದ್ದು ಹೋಗುತ್ತಾಳೆ. ಕಲಿಸಿದವಳು ಅವಳೇ. ಅವನ ಮುಖದ ಮೇಲಿದ್ದ ನಗು ದೀಪ ಇಳಿಸಿದ ಹಾಗೆ ಇಳಿಯಿತು.

“ಕೂತ್ಕೊಳ್ಳಿ, ನಾನೇ ಹೋಗ್ತೀನಿ,” ಎಂದ.

ಅಂದಿನಿಂದ ಅವಳೊಡನೆ ತಮಾಷೆ ನಿಂತಿತು. ಎದುರಾದರೆ ತಲೆ ತಗ್ಗಿಸಿ ದಾರಿ ಬಿಡುತ್ತಿದ್ದ, ಒಳ್ಳೆಯ ಅಣ್ಣನ ಹಾಗೆ. ಫಾತಾಯಿಯ ಅಪ್ಪನ ಮುಂದೆ ನೆಲಕ್ಕೆ ಕೂತು ಕ್ಷಮೆ ಕೇಳಿದನಂತೆ. ಪ್ರತಿಯೊಬ್ಬ ಹುಡುಗ ಹುಡುಗಿಯನ್ನೂ ಬೇರೆ ಬೇರೆ ಕರೆದು ಯಾರಿಗೆ ಯಾರೇನಾಗಬೇಕೆಂದು ಕೇಳಿ, ಅದನ್ನೆಲ್ಲ ಯಂತ್ರಕ್ಕೆ ಹೇಳಿ, ಹೊಸದಾಗಿ ಕೂರಿಸಿದನಂತೆ. ಗೋಡೆಯಾಚೆ ಮತ್ತೆ ನಗು ಶುರುವಾಯಿತು. ಲೊಸಲೀನೆ ಮಾತ್ರ ಕಿಟಕಿ ಮುಚ್ಚಿ ಪಾಠ ಮಾಡಿದಳು, ಸೆಕೆಯಲ್ಲಿ.

ಕಡೆಗೆ ಒಂದು ಶನಿವಾರ ತಡೆಯಲಾರದೆ, ಕೊಲ್ಲಿ ಸುತ್ತುವ ಲಾರಿ ಹತ್ತಿ ಅತ್ತೆ ಇರುವ, ಅಪ್ಪನ ಆ ಊರಿಗೆ ಹೋದಳು. ಸೇಯಿನಿ ಅತ್ತೆ ಕೇದಗೆಯ ಒಣ ಎಲೆ ಸೀಳುತ್ತಾ ಚಾಪೆ ಹೆಣೆಯುತ್ತಿದ್ದಳು.

“ಅತ್ತೆ, ಕಲೋಲೈನೆ ಅಂತ ಯಾರಾದ್ರೂ ಇದ್ರಾ ಇಲ್ಲಿ?”

“ಯಾಕೆ?”

“ಸುಮ್ನೆ.”

“ಸುಮ್ನೆ ಕೇಳೋಕೆ ಲಾರಿ ಮೇಲೆ ಮೈಕೈ ನೋಯಿಸ್ಕೊಂಡು ಬಂದ್ಯಾ?”

“ಹೊಸ ಮೇಷ್ಟ್ರು ಬಂದಿದ್ದಾರೆ. ಅವರ ಅಜ್ಜಿಯಂತೆ.”

ಅತ್ತೆಯ ಕೈ ನಿಂತಿತು. “ಕಲೋಲೈನೆ! ಚರ್ಚಲ್ಲಿ ನನ್ನ ಮುಂದಿನ ಸಾಲಲ್ಲಿ ನಿಂತು ಹಾಡೋಳು. ಶ್ರುತಿ ಇರ್ಲಿಲ್ಲ, ಗಂಟಲು ಮಾತ್ರ ಇತ್ತು. ಅಲೆ ಕೂಡ ಹಿಂದೆ ಸರಿಯೋದು.”

“ನಮಗೇನಾಗ್ಬೇಕು ಅವರು?”

ಅತ್ತೆ ಒಂದು ಎಲೆ ಆರಿಸಿದಳು. ಬೇಡವೆಂದು ಇಟ್ಟಳು. ಇನ್ನೊಂದು ಆರಿಸಿದಳು. ಲೊಸಲೀನೆ ಚಾಪೆಯ ಅಂಚು ಕಿತ್ತುಬಿಡುವ ಹಾಗೆ ಹಿಡಿದಿದ್ದಳು.

“ಬಿಡು ಅದನ್ನ, ವಾರದ ಕೆಲಸ ಅದು. ಅವಳು ಪಾದ್ರಿ ಮಗಳು ಕಣೇ. ಪಾದ್ರಿಗಳನ್ನೂ ವರ್ಗ ಮಾಡ್ತಾರಲ್ಲ, ನಿಮ್ಮ ಹಾಗೆ. ಹಾಪಾಯಿ ದ್ವೀಪದಿಂದ ಬಂದ್ರು, ಹಾಡಿದ್ರು, ಹೋದ್ರು. ನಮಗೇನೂ ಆಗ್ಬೇಕಿಲ್ಲ.”

ಲೊಸಲೀನೆ ಚಾಪೆ ಬಿಟ್ಟಳು. ಸಮುದ್ರದ ಕಡೆ ತಿರುಗಿದಳು. ಅತ್ತೆ ಅವಳ ಬೆನ್ನನ್ನೇ ನೋಡುತ್ತಿದ್ದಳು.

“ಅವನು ಹಾಡ್ತಾನಾ?”

“ಹಾಡ್ತಾರೆ.”

“ಹೇಗೆ?”

“ತುಂಬಾ ಕೆಟ್ಟದಾಗಿ.”

“ಹಾಗಾದ್ರೆ ಅವಳ ಮೊಮ್ಮಗನೇ,” ಎಂದು ಅತ್ತೆ ಮತ್ತೆ ಹೆಣಿಗೆಗೆ ಬಾಗಿದಳು. “ಸೊಂಟದ ಅಳತೆ ತಗೊಂಡು ಬಾ. ಒಂದು ಒಳ್ಳೇ ಚಾಪೆ ಮಾಡಿಕೊಡೋಣ.”

ತಿಳಿದದ್ದಾಯಿತು. ಹೇಳುವುದು ಹೇಗೆ? ಹೋಗಿ ‘ನೀವು ನನ್ನಣ್ಣ ಅಲ್ಲ’ ಎನ್ನಲಾಗುತ್ತದೆಯೇ? ಇಡೀ ವಾರ ಆ ಮಾತು ಬಾಯಿಯವರೆಗೆ ಬರುತ್ತಿತ್ತು, ಹಲ್ಲಿಗೆ ತಾಗಿ ಹಿಂದೆ ಹೋಗುತ್ತಿತ್ತು.

ಟರ್ಮ್ ಮುಗಿಯುವ ದಿನ ಟೀಚರುಗಳಿಗೆ ಮಧ್ಯಾಹ್ನದ ಊಟವಿತ್ತು. ಯಾರು ಎಲ್ಲಿ ಕೂರಬೇಕೆಂಬುದರ ಮೇಲೆ ಪ್ರತಿ ಸಲ ಗೊಂದಲ. “ಆ ನಿನ್ನ ಯಂತ್ರಕ್ಕೆ ಹೇಳಪ್ಪ,” ಎಂದು ಪ್ರಿನ್ಸಿಪಾಲರು ತನಿಯೆಲಾನಿಗೆ ಒಪ್ಪಿಸಿದ್ದರು. ಅವನು ಮೇಜಿನಿಂದ ಮೇಜಿಗೆ ಕೇಳುತ್ತಾ ಬಂದ. ಲೊಸಲೀನೆ ಏಳಲಿಲ್ಲ. ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು.

ಅವನು ಲ್ಯಾಪ್‌ಟಾಪ್ ನೋಡುತ್ತಲೇ ಕೇಳಿದ. “ಲೊಸಲೀನೆ ಟೀಚರ್, ಇಲ್ಲಿ ನಿಮಗೆ ಅಣ್ಣತಮ್ಮ ಆಗೋರು ಯಾರು?”

“ಗುಮಾಸ್ತ ಮಾಕಾ. ಮರಗೆಲಸದ ಹಮಾಲಾ ಮೇಷ್ಟ್ರು.”

ಟೈಪ್ ಮಾಡಿದ. ಬೆರಳು ಕೀಲಿಗಳ ಮೇಲೆಯೇ ಕಾಯುತ್ತಿತ್ತು. “ಮತ್ತೆ?”

“ಅಷ್ಟೇ.”

ಅವನು ತಲೆ ಎತ್ತಿದ. “ಒಂದು ಹೆಸರು ಬಿಟ್ಟಿಲ್ಲ ತಾನೇ?”

“ಅತ್ತೇನ ಕೇಳ್ಕೊಂಡು ಬಂದಿದೀನಿ,” ಎಂದಳು. ಕಿವಿಯವರೆಗೆ ಬಿಸಿಯೇರುತ್ತಿತ್ತು. “ನಿಮ್ಮಜ್ಜಿ ಹಾಪಾಯಿಯವರು. ಹಾಡೋದು ಕೇಳಿದ್ರೆ ಅಲೆ ಹಿಂದೆ ಸರಿಯೋದಂತೆ.”

ವೀಕಾ ಪಕ್ಕದ ಮೇಜಿನಲ್ಲಿ ಕೆಮ್ಮಿದಳು. ತನಿಯೆಲಾ ಲ್ಯಾಪ್‌ಟಾಪ್ ಮುಚ್ಚಿ, ಉಳಿದವರನ್ನು ಕೇಳುವುದನ್ನೇ ಮರೆತು ಹೊರಗೆ ಹೋದ. ಆಮೇಲೆ ತಿರುಗಿ ಬಂದು ಅವರನ್ನೂ ಕೇಳಿದ.

ಊಟದ ಹೊತ್ತಿಗೆ ನೆಲದೊಲೆಯ ಹೊಗೆ, ತೆಂಗಿನಹಾಲಿನಲ್ಲಿ ಬೆಂದ ಕೆಸುವಿನೆಲೆಯ ಪರಿಮಳ ಅಂಗಳ ತುಂಬಿತ್ತು. ಹೆಸರು ಬರೆದ ಚೀಟಿಗಳನ್ನು ಹುಡುಕುತ್ತಾ ಲೊಸಲೀನೆ ಉದ್ದ ಮೇಜಿನ ಸುತ್ತ ನಡೆದಳು. ಅವಳ ಹೆಸರು ಸಿಕ್ಕಿತು. ಪಕ್ಕದ ಚೀಟಿಯನ್ನೂ ಓದಿದಳು.

ತನಿಯೆಲಾ ಆ ಕುರ್ಚಿಯ ಹಿಂದೆ, ವಾಲಿದ ಚಾಪೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ.

“ಇದು ಯಂತ್ರ ಹಾಕಿದ್ದಾ?”

“ಅದು ನಿಮ್ಮನ್ನ ಆ ತುದಿಗೆ ಹಾಕಿತ್ತು,” ಅವನು ಮೆಲ್ಲಗೆ ಹೇಳಿದ. “ನಾನು ತಿದ್ದಿದೆ. ಮೇಷ್ಟ್ರಲ್ವಾ. ಮತ್ತೆ ತಪ್ಪು ಮಾಡಿದ್ರೆ ಎದ್ದು ಹೋಗಿ.”

ಲೊಸಲೀನೆ ಬಾಗಿ ಅವನ ಚಾಪೆಯ ಹಗ್ಗ ಬಿಗಿದು ಗಂಟು ಹಾಕಿದಳು. ಆಮೇಲೆ ಕುರ್ಚಿ ಎಳೆದು, ಅವನ ಪಕ್ಕ, ನೆಟ್ಟಗೆ ಕೂತಳು.