ಹಿಮ ಕಟ್ಟದ ಅಂಗೈಯಗಲ

ಅಣ್ಣ ತೀರಿಕೊಂಡ ಮೂರನೇ ತಿಂಗಳು ಅತ್ತಿಗೆ, "ಅವರು ಅರ್ಧಕ್ಕೆ ಬಿಟ್ಟ ಕಂಪ್ಯೂಟರನ್ನ ಒಂದು ಸಲ ಓಡಿಸಪ್ಪ. ಆ ಸದ್ದು ಕೇಳಿದ್ರೆ ಅವರು ಮನೇಲಿದ್ದ ಹಾಗಿರುತ್ತೆ" ಎಂದರು.

ಪ್ರೊಸೆಸರನ್ನು ಅದರ ಮಿತಿಗಿಂತ ವೇಗವಾಗಿ ಓಡಿಸುವುದು ಅಣ್ಣನ ಹುಚ್ಚು. ಹಾಗೆ ಓಡಿಸಿದರೆ ಅದು ವಿಪರೀತ ಕಾಯುತ್ತದೆ. ಅದಕ್ಕೇ ಮೇಲೊಂದು ತಾಮ್ರದ ಪಾತ್ರೆ ಕೂರಿಸಿ ದ್ರವ ಸಾರಜನಕ ಸುರಿಯಬೇಕು. ಪಾತ್ರೆಗೂ ಪ್ರೊಸೆಸರಿಗೂ ನಡುವೆ ಶಾಖ ದಾಟಲೆಂದು ಹಚ್ಚುವ ಪೇಸ್ಟು ಮೆತ್ತಗಾಗಲೆಂದು ಅಣ್ಣನಂತೆಯೇ ಟ್ಯೂಬನ್ನು ಕಂಕುಳಲ್ಲಿ ಇಟ್ಟುಕೊಂಡೆ.

"ನೀನೂ ಕಾವಿಗೆ ಕೂತ್ಯಾ? ಮರಿ ಯಾವಾಗ?" ಅತ್ತಿಗೆ ಬಹಳ ದಿನದ ಮೇಲೆ ನಕ್ಕರು.

ಮಧ್ಯಾಹ್ನದ ಬಿಸಿಲಿತ್ತು. ಪೇಸ್ಟು ಹಚ್ಚಿ, ಪಾತ್ರೆ ಕೂರಿಸಿ, ಕಂಪ್ಯೂಟರ್ ಆನ್ ಮಾಡಿ ಸಾರಜನಕ ಸುರಿದೆ. ಮೀಟರು ಸೊನ್ನೆಗಿಂತ ನೂರೆಂಬತ್ತು ಡಿಗ್ರಿ ಕೆಳಗಿಳಿಯಿತು. ಪಾತ್ರೆಯ ಹೊರಮೈಗೆ ಬೆಳ್ಳಗೆ ಹಿಮ ಕಟ್ಟಿತು. ಒಂದು ಬದಿಯಲ್ಲಿ ಮಾತ್ರ ಅಂಗೈಯಗಲ ತಾಮ್ರ ಹಾಗೇ ಹೊಳೆಯುತ್ತಿತ್ತು. ಮತ್ತೆ ಸುರಿದೆ. ಅಲ್ಲಿ ಹಿಮ ಕಟ್ಟಲಿಲ್ಲ.

ನಾನು ಫ್ಲಾಸ್ಕು ಕೆಳಗಿಡುವಷ್ಟರಲ್ಲಿ ಅತ್ತಿಗೆ ಬರಿಗೈಯನ್ನು ಅಲ್ಲಿಟ್ಟಿದ್ದರು.

"ಅತ್ತಿಗೇ, ತೆಗೀರಿ! ಚರ್ಮ ಕಿತ್ತು ಬರುತ್ತೆ!"

"ಬೆಚ್ಚಗಿದೆ ಕಣೋ" ಎಂದರು. "ಸ್ವಲ್ಪ ಹೊತ್ತು ಸುಮ್ನಿರು."

ಸಾರಜನಕವೆಲ್ಲ ಆವಿಯಾಗುವವರೆಗೂ ಅವರು ಕಣ್ಣು ಮುಚ್ಚಿ ನಿಂತೇ ಇದ್ದರು. ಆಮೇಲೆ ತಾವೇ ಕೈ ತೆಗೆದು, "ಈಗ ತಣ್ಣಗಾಯ್ತು" ಎಂದು ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತರು.

ಅವರ ಅಂಗೈಯಲ್ಲಿ ಒಂದು ಬೊಬ್ಬೆಯೂ ಏಳಲಿಲ್ಲ. ಮೀಟರು ಕೆಟ್ಟಿರಬೇಕೆಂದು ಪಾತ್ರೆ ಬಿಚ್ಚಿ ನೋಡಿದೆ. ಪೇಸ್ಟು ಬತ್ತಿದ ಕೆರೆಯ ಮಣ್ಣಿನಂತೆ ಉದ್ದಕ್ಕೂ ಬಿರುಕು ಬಿಟ್ಟಿತ್ತು. ಅಷ್ಟು ಚಳಿ ತಗಲದೆ ಅದು ಹಾಗೆ ಬಿರಿಯುವುದಿಲ್ಲ.