ಬಲಗಣ್ಣಿನ ಚಂದ್ರ

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ದಾವಣಗೆರೆಯ ನನ್ನ ಫೋಟೋ ಸ್ಟುಡಿಯೋದಲ್ಲಿ ನಡೆದದ್ದು. ಚಂದ್ರ ಹುಣ್ಣಿಮೆಯಿಂದ ಹುಣ್ಣಿಮೆಗೆ ಮುಖವನ್ನು ತುಸು ಓರೆ ಮಾಡುತ್ತಾನೆ. ಬೇರೆ ಬೇರೆ ತಿಂಗಳು ತೆಗೆದ ಎರಡು ಫೋಟೋಗಳನ್ನು ಪೆಟ್ಟಿಗೆಯಲ್ಲಿಟ್ಟು, ಒಂದೊಂದು ಕಣ್ಣಿಗೆ ಒಂದೊಂದನ್ನು ತೋರಿಸಿದರೆ ಚೆಂಡಿನಂತೆ ದುಂಡಗೆ ಎದ್ದು ಬರುತ್ತಾನೆ.

ಮೊದಲನೆಯ ಫೋಟೋ ಮೂಡಿದ ಗಾಜಿನ ಪ್ಲೇಟನ್ನು ತೊಳೆದವಳು ನನ್ನ ಹೆಂಡತಿ ಕಸ್ತೂರಮ್ಮ. ಹಸಿ ಅಂಚಿಗೆ ಅವಳ ಹೆಬ್ಬೆಟ್ಟು ತಾಗಿ, ಈಳಿಗೆ ಕೊಯ್ದ ಹಳೆಯ ಗಾಯದ ಗೆರೆಯ ಸಮೇತ ಗುರುತು ಉಳಿಯಿತು.

"ಕೆಡ್ತೇನ್ರಿ? ಇರ್ಲಿ ಬಿಡ್ರಿ. ದುಂಡು ಚಂದ್ರನ್ನ ಮೊದ್ಲು ನನಗೇ ತೋರಿಸ್ಬೇಕು" ಎಂದಳು. ಆಗಲಿ ಎಂದೆ.

ಎರಡನೆಯದನ್ನು ತೆಗೆಯುವ ಹೊತ್ತಿಗೆ ಅವಳು ವಿಷಮಜ್ವರದಿಂದ ತೀರಿಕೊಂಡಿದ್ದಳು. ಆ ಪ್ಲೇಟನ್ನು ನಾನೊಬ್ಬನೇ ತೊಳೆದೆ. ಬೇಸಗೆಯಲ್ಲೂ ನೀರು ಕೈ ಮರಗಟ್ಟುವಷ್ಟು ತಣ್ಣಗಿತ್ತು.

ಹಾಡುಹಗಲಲ್ಲಿ, ಹರಿಹರದಿಂದ ಬಂದಿದ್ದ ಅವಳ ತಂಗಿ ದ್ರಾಕ್ಷಾಯಣಿ ಎರಡನ್ನೂ ಜೋಡಿಸಿಟ್ಟಿದ್ದ ಪೆಟ್ಟಿಗೆಗೆ ಕಣ್ಣಿಟ್ಟಳು. "ಭಾವ, ಚಂದ್ರ ಹಿಂದೈತ್ರಿ. ಅದರ ಮುಂದೆ ಅಕ್ಕನ ಹೆಬ್ಬೆಟ್ಟು ನಿಂತೈತೆ."

ಒಂದೇ ಫೋಟೋದಲ್ಲಿರುವ ಗುರುತು ಹಾಗೆ ಮುಂದೆ ಬಂದು ನಿಲ್ಲುವುದಿಲ್ಲ; ಎರಡರಲ್ಲೂ ಇರಬೇಕು. ಬಲಗಣ್ಣಿಗೆ ಇಟ್ಟಿದ್ದ ಎರಡನೆಯ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದೇ ಹೆಬ್ಬೆಟ್ಟು, ಅದೇ ಗಾಯದ ಗೆರೆ.

ಮೊದಲು ಅವಳಿಗೇ ತೋರಿಸಬೇಕಿತ್ತು. ಆ ಎರಡನೆಯ ಪ್ಲೇಟು ಈಗಲೂ ನನ್ನ ಬಳಿ ಇದೆ. ಇಷ್ಟು ವರ್ಷವಾದರೂ ಅದರ ಅಂಚು ಒಣಗಿಲ್ಲ.