ಒಳಗಿನ ಚಿಲಕ

ಮರಗೆಲಸದ ಕಾರ್ಖಾನೆಯ ಮಾಲೀಕರು ಅಕ್ಕ-ತಮ್ಮನ ಮನೆಯೊಳಗೆ ಬಂದವರೇ ತಮ್ಮನಿಗೆ ಕೈಮುಗಿದರು. "ಪತ್ತೆ ಮಾಡೋದು ನಾನಲ್ಲ, ನಮ್ಮಕ್ಕ" ಎಂದು ಅವನು ಎಂದಿನಂತೆ ಹೇಳಿದ. ಪೊಲೀಸ್ ಕೆಲಸದಲ್ಲಿ ಸವೆದವನು ಅವನು, ಹೆಸರೆಲ್ಲ ನಿವೃತ್ತ ಟೀಚರಾದ ಅಕ್ಕನದು. ಈ ಸಲವಾದರೂ ಅವಳಿಗೆ ಏನೂ ಹೊಳೆಯದಿರಲಿ ಎಂದು ಅವನಿಗೆ ಒಳಗೊಳಗೇ ಆಸೆ.

ನಡೆದದ್ದು ಇಷ್ಟು. ಕಾರ್ಖಾನೆಯಲ್ಲಿ ಮೊದಲ ಸಲ ಹೆಂಗಸೊಬ್ಬಳು ಮೇಸ್ತ್ರಿಯಾಗಿದ್ದಳು. ಅವಳು ಮಾಡಿಸಿದ ಮೊದಲ ಮೇಜನ್ನು ಅಂದು ಊಟದ ಹೊತ್ತಿನಲ್ಲಿ ಯಾರೋ ಉಳಿಯಿಂದ ಗೀರಿ ಹಾಳುಮಾಡಿದ್ದರು. ಪಕ್ಕದಲ್ಲಿ ಬಿದ್ದಿದ್ದ ಉಳಿ ಅವಳದೇ.

"ಜಾಯಿಂಟು ಸಡಿಲ ಇತ್ತಂತೆ, ಅದನ್ನ ಮುಚ್ಚಿಹಾಕೋಕೆ ತಾನೇ ಕೆಡಿಸಿದಾಳೆ ಅಂತಾರೆ. ಸಂಜೆಯೊಳಗೆ ನಿಜ ಗೊತ್ತಾಗದಿದ್ರೆ ಅವಳನ್ನ ಕೆಳಗಿಳಿಸಲೇಬೇಕು" ಎಂದರು ಮಾಲೀಕರು.

ಅಕ್ಕ, ತಮ್ಮ ಕಾರ್ಖಾನೆಗೆ ಹೋದಾಗ ಅಲ್ಲಿ ಮರದ ಪುಡಿಯ ಘಾಟು. ಮೂಲೆಯ ಬಾತ್‌ರೂಮಿನ ಮೋಟುಗೋಡೆಯ ಹಿಂದೆ ಯಾರೋ ಆರಾಮಾಗಿ ಸಿಳ್ಳೆ ಹಾಕುತ್ತಿದ್ದರು. ಹಿರಿಯ ಬಡಗಿ ಮುಂದೆ ಬಂದ.

"ಅವಳಿಗೆ ಉಳಿ ಹಿಡಿಯೋದು ಕಲಿಸಿದ್ದೇ ನಾನು, ಹೇಳೋಕೆ ಸಂಕಟ ಆಗುತ್ತೆ. ಎಲ್ಲರೂ ಹೊರಗೆ ಊಟಕ್ಕೆ ಕೂತಿದ್ವಿ. ಕೈ ತೊಳೆಯೋಕೆ ನಾನೊಬ್ಬ ಒಳಗೆ ಬಂದೆ. ಅವಳು ಬಾತ್‌ರೂಮಿಂದ ಕೈ ಒರೆಸ್ಕೊಳ್ತಾ ಬಂದು ಸರಸರ ಹೊರಗೆ ಹೋದ್ಲು. ಆಮೇಲೆ ಮೇಜು ನೋಡಿದೆ."

"ಊಟದ ಹೊತ್ತಲ್ಲಿ ಎಲ್ಲಿದ್ದೆಯಮ್ಮ?" ಎಂದು ಅಕ್ಕ ಕೇಳಿದಳು.

ಮೇಸ್ತ್ರಿ ಮಾಲೀಕರ ಮುಖ ನೋಡಿ, "ಹೊರಗೆ ಹೋಗಿದ್ದೆ" ಎಂದಷ್ಟೇ ಹೇಳಿದಳು. ಇನ್ನು ಇವಳ ಕತೆ ಮುಗಿಯಿತು ಎಂದುಕೊಂಡ ತಮ್ಮ.

ಅಕ್ಕ ಬಗ್ಗಿ ಮೇಜಿನ ಕಾಲುಗಳನ್ನು ಅಲ್ಲಾಡಿಸಿ ನೋಡಿದಳು. ಆಮೇಲೆ ಬಾತ್‌ರೂಮಿಗೆ ಹೋಗಬೇಕು ಎಂದಳು. ತನಿಖೆಯ ನಡುವೆ ಇದೊಂದು ಬಾಕಿ ಇತ್ತು ಎಂದು ತಮ್ಮನಿಗೆ ರೇಗಿತು. ಮೇಸ್ತ್ರಿ ಅವಳ ಕಿವಿಯಲ್ಲಿ ಏನೋ ಉಸುರಿದಳು. ಅಕ್ಕ ರಸ್ತೆ ದಾಟಿ ಎದುರಿನ ದರ್ಜಿಯಮ್ಮನ ಮನೆಗೆ ಹೋಗಿ ಬಂದಳು, ಬಂದವಳೇ ಎಲ್ಲರನ್ನೂ ಮೇಜಿನ ಸುತ್ತ ಸೇರಿಸಿದಳು.

"ಜಾಯಿಂಟು ಗಟ್ಟಿಯಾಗಿದೆ, ಮುಚ್ಚಿಹಾಕೋಕೆ ಏನೂ ಇರಲಿಲ್ಲ. ಇನ್ನು ಆ ಬಾತ್‌ರೂಮು. ಮೋಟುಗೋಡೆ ಇದೆ, ಬಾಗಿಲಿಲ್ಲ. ಗಂಡಸರಿಗೆ ಅಷ್ಟೇ ಸಾಕು. ಈಕೆ ಸೇರಿದ ದಿನದಿಂದ ಊಟದ ಹೊತ್ತಲ್ಲಿ ಎದುರು ಮನೆಗೇ ಹೋಗ್ತಾಳೆ. ಇವತ್ತೂ ಊಟ ಮುಗಿಯೋವರೆಗೂ ಅಲ್ಲೇ ಇದ್ಲು ಅಂತ ದರ್ಜಿಯಮ್ಮ ಹೇಳಿದ್ರು."

ಅವಳು ಹಿರಿಯ ಬಡಗಿಯ ಕಡೆ ತಿರುಗಿದಳು. "ಒಳಗೆ ಬಂದವರು ನೀವೊಬ್ಬರೇ ಅಂತ ನೀವೇ ಹೇಳಿದ್ರಿ. ಇಷ್ಟು ಕಾಲ ಜೊತೇಲಿ ಕೆಲಸ ಮಾಡಿದ ಹೆಂಗಸು ಎಲ್ಲಿಗೆ ಹೋಗ್ತಾಳೆ ಅಂತ ಒಂದು ದಿನಾನೂ ಯೋಚಿಸಲಿಲ್ಲ. ಅದಕ್ಕೇ ನಿಮ್ಮ ಕತೇಲಿ ಅವಳು ಕಾಲಿಡದ ಜಾಗದಿಂದ ಅವಳನ್ನ ಹೊರಗೆ ಕರ್ಕೊಂಡು ಬಂದ್ರಿ, ಯಜಮಾನ್ರೇ."

ಬಡಗಿ ಮೇಜಿನ ಗೀರಿನ ಮೇಲೆ ಬೆರಳಾಡಿಸಿದ. "ಕಲಿಯೋವಾಗ ಮಗಳೇ ಅಂತಿದ್ದೆ. ಮೇಲೆ ಕೂತಾಗ ಸಹಿಸೋಕಾಗಲಿಲ್ಲ. ನನ್ನ ಕೆಲಸಕ್ಕಿಂತ ಅವಳ ಕೆಲಸ ಚೆನ್ನಾಗಿತ್ತು."

ತಮ್ಮ ತಲೆ ತಗ್ಗಿಸಿದ. ಆ ಉರಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಮೊದಲೇ ಹೇಳಬಾರದಿತ್ತೇನಮ್ಮ?" ಎಂದು ಮಾಲೀಕರು ಮೇಸ್ತ್ರಿಯನ್ನು ಕೇಳಿದರು.

"ಹೇಳಿದ್ರೆ, ಹೆಂಗಸರನ್ನ ಸೇರಿಸ್ಕೊಂಡ್ರೆ ಇದೇ ರಗಳೆ ಅಂತಿದ್ರಿ, ಸಾರ್."

ಮಾಲೀಕರು ಮೇಜಿನ ಕಡೆ ತಿರುಗಿದರು. "ಇರಲಿ, ಮೇಸ್ತ್ರಿ ನೀನೇ. ಮೇಜು ಯಾವಾಗ ಸರಿಮಾಡ್ತೀಯ?"

"ಮೇಜು ನಾಳೆ" ಎಂದು ಅವಳು ತನ್ನ ಉಳಿಯನ್ನು ಎತ್ತಿಕೊಂಡಳು. "ಇವತ್ತು ಒಂದು ಬಾಗಿಲು ಮಾಡಬೇಕು. ಚಿಲಕ ಒಳಗಡೆ ಇರುತ್ತೆ."